ತೆಗೆದದ್ದು ಗೇರ್ ಅಲ್ಲ

‘ಗೇರ್‌ಲೆಸ್ ಮೌಂಟನ್ ಬೈಕ್, ತೂಕ ಬಹಳ ಕಡಿಮೆ’ ಎಂದು ಬೀದರಿನ ಒಂದು ಅಂಗಡಿಯ ಮುಂದೆ ಬರೆದಿಟ್ಟಿದ್ದಾರೆ. ಓದಿ ಸುಮ್ಮನೆ ಬಂದಿದ್ದೆ. ಹೋದ ವಾರ ಪಕ್ಕದ ಮನೆಯ ಹುಡುಗ ತನ್ನ ಹಳೆಯ 21 ಗೇರಿನ ಸೈಕಲ್ಲನ್ನು ಬಿಚ್ಚಿ, ಹಗುರ ಮಾಡಿ, ನನ್ನ ಮುಂದೆ ತಂದು ನಿಲ್ಲಿಸಿ, ‘ಕಾಕಾ, ಗೇರ್ ಎಲ್ಲಾ ತೆಗೆದುಹಾಕಿದೆ’ ಎಂದ. ಇನ್ನು ಸುಮ್ಮನಿರಲು ಆಗಲಿಲ್ಲ. ಅವನು ತೆಗೆದದ್ದು ಗೇರ್ ಅಲ್ಲ, ಗೇರ್ ಬದಲಿಸುವ ಸಲಕರಣೆ. ಗೇರ್ ಅವನ ಸೈಕಲ್ಲಿನಲ್ಲೇ ಇದೆ. ಒಂದೇ ಒಂದು ಉಳಿದಿದೆ, ಅಷ್ಟೇ. ಅದಕ್ಕೇ ಅದರ ಹೆಸರು ಸಿಂಗಲ್ ಸ್ಪೀಡ್.

‘ಗೇರ್’ ಎಂಬುದು ಇಂಗ್ಲಿಷಿಗೆ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ. ಅಲ್ಲಿ ಅದರ ಅರ್ಥ ಸಜ್ಜು: ಉಡುಗೆ, ಸಾಮಗ್ರಿ, ಕೆಲಸಕ್ಕೆ ಹೊರಡುವ ಮುನ್ನ ಹೊಂದಿಸಿಕೊಳ್ಳುವ ಸರಂಜಾಮು. ಇಂಗ್ಲಿಷಿನಲ್ಲೂ ಮೊದಲಿಗೆ ಕುದುರೆಯ ಜೀನು ಲಗಾಮು, ಸೈನಿಕನ ಆಯುಧ, ಮೀನುಗಾರನ ಬಲೆ ಎಲ್ಲವೂ ಗೇರ್ ಆಗಿದ್ದವು. ಹದಿನಾರನೇ ಶತಮಾನದ ಹೊತ್ತಿಗೆ ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಹಲ್ಲುಚಕ್ರಗಳಿಗೂ ಆ ಹೆಸರು ಹತ್ತಿತು. ನಾವು ಆ ಪದವನ್ನು ಇನ್ನೂ ಕುಗ್ಗಿಸಿದ್ದೇವೆ. ‘ಗೇರ್ ಹಾಕು’ ಎಂದಾಗ ನಮ್ಮ ಕಣ್ಣಿಗೆ ಬರುವುದು ಬಸ್ಸಿನ ಚಾಲಕನ ಎಡಗೈಯಲ್ಲಿರುವ ಕೋಲು. ಕೋಲಿಲ್ಲದಿದ್ದರೆ ಗೇರ್ ಇಲ್ಲ ಎಂಬ ತಪ್ಪು ಇಲ್ಲಿಂದಲೇ ಹುಟ್ಟಿದೆ.

ಸ್ಕೂಟರ್ ಮಾರುವವರು ಇದನ್ನು ಇನ್ನಷ್ಟು ಗಟ್ಟಿ ಮಾಡಿದರು. ‘ಗೇರ್‌ಲೆಸ್’ ಎನ್ನುವ ಸ್ಕೂಟರಿನೊಳಗೆ ಅಗಲ ಕಿರಿದಾಗುವ ಎರಡು ರಾಟೆಗಳು, ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತವೆ. ಓಡುತ್ತಿದ್ದಂತೆ ಅವುಗಳ ಅನುಪಾತ, ಅಂದರೆ ಒಂದು ರಾಟೆ ಒಂದು ಸುತ್ತು ಸುತ್ತಿದಾಗ ಇನ್ನೊಂದು ಎಷ್ಟು ಸುತ್ತುತ್ತದೆ ಎಂಬ ಲೆಕ್ಕ, ತಾನಾಗಿ ಬದಲಾಗುತ್ತಲೇ ಇರುತ್ತದೆ. ಕೊನೆಯಲ್ಲಿ ಹಿಂದಿನ ಗಾಲಿಯ ಬಳಿ ನಿಜವಾದ ಹಲ್ಲುಚಕ್ರಗಳೂ ಇರುತ್ತವೆ. ಲೆಕ್ಕವಿಲ್ಲದಷ್ಟು ಅನುಪಾತಗಳಿರುವ ಯಂತ್ರಕ್ಕೂ ಗೇರ್‌ಲೆಸ್, ಒಂದೇ ಅನುಪಾತದ ಸೈಕಲ್ಲಿಗೂ ಗೇರ್‌ಲೆಸ್ ಎಂದರೆ ಆ ಪದ ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ನಿಜವಾಗಿಯೂ ಗೇರ್ ಇಲ್ಲದ ಸೈಕಲ್ ನೋಡಬೇಕಿದ್ದರೆ ಪುಟ್ಟ ಮಕ್ಕಳ ಮೂರು ಗಾಲಿಯದನ್ನು ನೋಡಿ. ಪೆಡಲ್ ನೇರವಾಗಿ ಮುಂದಿನ ಗಾಲಿಗೆ ಕೂತಿರುತ್ತದೆ. ಪೆಡಲ್ ಒಂದು ಸುತ್ತು ಸುತ್ತಿದರೆ ಗಾಲಿಯೂ ಒಂದೇ ಸುತ್ತು. 1870ರ ದಶಕದ ಎತ್ತರದ ಗಾಲಿಯ ಸೈಕಲ್ಲುಗಳೂ ಹೀಗೇ ಇದ್ದವು. ಹೆಚ್ಚು ದೂರ ಹೋಗಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕು, ಸವಾರನ ಕಾಲಿನ ಉದ್ದ ಮುಗಿದಲ್ಲಿಗೆ ಗಾಲಿಯೂ ನಿಲ್ಲಬೇಕು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್ ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸಿ ಈ ಕಟ್ಟು ಬಿಡಿಸಿತು. ಸಣ್ಣ ಗಾಲಿಗೆ ದೊಡ್ಡ ಗಾಲಿಯ ಓಟ ಬಂತು. ಆ ಲೆಕ್ಕ ಇಂದಿಗೂ ಉಳಿದಿದೆ: ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಗಾಲಿಯ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ, ಗಾಲಿಯ ವ್ಯಾಸದ ಅಂಗುಲದಿಂದ ಗುಣಿಸಬೇಕು. ಬರುವ ಉತ್ತರ ‘ಇದು ಇಷ್ಟು ಅಂಗುಲದ ಎತ್ತರದ ಗಾಲಿಗೆ ಸಮ’ ಎಂದು ಹೇಳುತ್ತದೆ.

ಸಿಂಗಲ್ ಸ್ಪೀಡ್ ಕಟ್ಟುವವನಿಗೆ ಈ ಲೆಕ್ಕ ಎಷ್ಟು ಬರಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ, ‘ಗೇರ್‌ಲೆಸ್’ ಎಂಬ ಪದ ಮುಚ್ಚಿಡುವುದೂ ಇದನ್ನೇ. ಹುಡುಗನಿಗೆ ಹಲ್ಲು ಎಷ್ಟು ಎಂದು ಕೇಳಿದೆ. ‘ಗೇರೇ ಇಲ್ಲವಲ್ಲ, ಎಣಿಸುವುದು ಏನನ್ನು?’ ಎಂದ. ಒಂದು ಹಲ್ಲಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಎಣಿಸಿದೆವು. ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ದೊಡ್ಡದನ್ನೇ ಉಳಿಸಿಕೊಂಡಿದ್ದ: ಮುಂದೆ 42, ಹಿಂದೆ 16, ಗಾಲಿ 26 ಅಂಗುಲ. ಲೆಕ್ಕ 68 ದಾಟಿತು. ನಮ್ಮ ತಂದೆಯವರ ಕಪ್ಪು ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18, ಗಾಲಿ 28. ಅದೂ 68 ಚಿಲ್ಲರೆ! ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ಸಮತಟ್ಟು ಡಾಂಬರು ರಸ್ತೆಗೆ ಅದು ಒಳ್ಳೆಯದೇ. ಆದರೆ ಸಂಖ್ಯೆ ದೊಡ್ಡದಾದಷ್ಟೂ ತುಳಿತ ಭಾರ. ಅಷ್ಟೂರಿನ ಗುಮ್ಮಟಗಳ ಕಡೆಯಿಂದ ಊರಿಗೆ ಏರಿ ಬರುವಾಗ ಅವನು ಇಳಿದು ತಳ್ಳಿಕೊಂಡು ಬರುತ್ತಿದ್ದುದು ಏಕೆ ಎಂಬುದು ಆ ಸಂಖ್ಯೆಯಲ್ಲೇ ಇತ್ತು. ಮಣ್ಣಿನ ದಾರಿಗೆ, ಏರಿಗೆ 50ರ ಆಸುಪಾಸು ಇರಬೇಕು.

‘ಸ್ಪೀಡ್’ ಎಂದರೂ ವೇಗವಲ್ಲ. 21 ಸ್ಪೀಡ್ ಎಂದರೆ ಮುಂದಿನ 3 ಮತ್ತು ಹಿಂದಿನ 7 ಚಕ್ರಗಳ ಜೋಡಿಗಳ ಲೆಕ್ಕ, ಅದರಲ್ಲೂ ಕೆಲವು ಜೋಡಿಗಳು ಒಂದೇ. 42ಕ್ಕೆ 28 ಹಾಕಿದರೂ, 24ಕ್ಕೆ 16 ಹಾಕಿದರೂ ಬರುವುದು ಒಂದೂವರೆಯೇ.

ಒಂದೇ ಗೇರಿನ ಇನ್ನೊಂದು ಬಗೆಯ ಸೈಕಲ್ಲಾದ ಫಿಕ್ಸಿ ಬೇರೆ. ಅದರಲ್ಲಿ ಫ್ರೀವೀಲ್, ಅಂದರೆ ಪೆಡಲ್ ನಿಂತರೂ ಗಾಲಿಯನ್ನು ತಿರುಗಲು ಬಿಡುವ ಹಿಂದಿನ ಹಲ್ಲುಚಕ್ರ, ಇರುವುದಿಲ್ಲ, ಇಳಿಜಾರಿನಲ್ಲೂ ಕಾಲು ಗಾಲಿಯೊಡನೆ ತಿರುಗುತ್ತಲೇ ಇರಬೇಕು. ಪೆಡಲ್ ನಿಲ್ಲಿಸಿದಾಗ ಹಿಂದಿನಿಂದ ಟಿಕ್ ಟಿಕ್ ಕೇಳಿದರೆ, ಫ್ರೀವೀಲಿನ ಒಳಗೆ ಸಣ್ಣ ಉಕ್ಕಿನ ನಾಲಗೆಗಳು ಹಲ್ಲುಗಳ ಮೇಲೆ ಜಾರುತ್ತಿವೆ ಎಂದರ್ಥ. ಅದು ಸಿಂಗಲ್ ಸ್ಪೀಡ್.

ಹಗುರವಾಗುವುದು ನಿಜ. ಹುಡುಗ ಬಿಚ್ಚಿದ ಚಕ್ರ, ತಂತಿ, ಗುಂಡಿಗಳನ್ನೆಲ್ಲ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದಾಗ ಒಂದೂಕಾಲು ಕಿಲೋ ತೂಗಿತು. ಆದರೆ ನಮ್ಮ ಕಡೆ ಇದರ ದೊಡ್ಡ ಲಾಭ ತೂಕವಲ್ಲ, ಮಣ್ಣು. ಬೀದರಿನ ಮೇಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಯಾವ ಸೈಕಲ್ಲೂ ಓಡುತ್ತದೆ. ಕೆಳಗೆ ತೊಗರಿ ಹೊಲಗಳ ದಾರಿಗೆ ಇಳಿದರೆ ಎರೆಮಣ್ಣು. ಮಳೆ ಬಿದ್ದ ಮರುದಿನ ಅದು ಚೈನ್ ಸರಿಸುವ ಸಣ್ಣ ರಾಟೆಗಳ ನಡುವೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಅದರ ಮೇಲೂ ತುಳಿದರೆ ಇಡೀ ಸಲಕರಣೆ ತಿರುಚಿಕೊಂಡು ಗಾಲಿಯ ಕಡ್ಡಿಗಳಿಗೆ ಸಿಕ್ಕಿಬೀಳುತ್ತದೆ. ಆ ಸಲಕರಣೆ ಇಲ್ಲದಿದ್ದರೆ ಬೇವಿನ ಕಡ್ಡಿಯಿಂದ ಕೆರೆದು ಮುಂದೆ ಹೋಗಬಹುದು.

ಆ ಸಲಕರಣೆ ಹೋದಾಗ ಚೈನಿನ ಸಡಿಲು ಹಿಡಿಯುವುದೂ ಹೋಗುತ್ತದೆ, ಇದನ್ನು ಮರೆಯಬಾರದು. ಆಕ್ಸಲ್ ಕೂರುವ ಸೀಳು ಕಪ್ಪು ಸೈಕಲ್ಲಿನಂತೆ ಅಡ್ಡಕ್ಕಿದ್ದರೆ ಗಾಲಿಯನ್ನೇ ಹಿಂದಕ್ಕೆ ಎಳೆದು ಬಿಗಿ ಮಾಡಬಹುದು. ನೇರ ಕೆಳಮುಖವಾಗಿದ್ದರೆ ಸ್ಪ್ರಿಂಗ್ ಇರುವ ಒಂದು ರಾಟೆ ಬೇಕು. ಹುಡುಗನದು ಅಡ್ಡ ಸೀಳು.

ಭಾನುವಾರ ಮತ್ತೆ ಬಿಚ್ಚಿದೆವು. ಮುಂದೆ ನಡುವಿನ 34 ಹಲ್ಲಿನ ಚಕ್ರ, ಹಿಂದೆ ಕಪ್ಪು ಸೈಕಲ್ಲಿಗೆ ಹಾಕುವ 18ರ ಫ್ರೀವೀಲ್. ಆ ಫ್ರೀವೀಲಿನ ಹಲ್ಲು ದಪ್ಪ, ಗೇರ್ ಸೈಕಲ್ಲಿನ ಸಪೂರ ಚೈನ್ ಅದರ ಮೇಲೆ ಕೂರುವುದಿಲ್ಲ. ಹಾಗಾಗಿ ಚೈನೂ ಕಪ್ಪು ಸೈಕಲ್ಲಿನದೇ. ಲೆಕ್ಕ 49ಕ್ಕೆ ಇಳಿಯಿತು. ಚೈನನ್ನು ನಡುವೆ ಒತ್ತಿ ನೋಡಿದರೆ ಒಂದು ಸೆಂಟಿಮೀಟರಿನಷ್ಟು ಆಡುತ್ತಿತ್ತು. ಹುಡುಗ ಫ್ರೇಮಿನ ಮೇಲೆ ಬಿಳಿ ಬಣ್ಣದಲ್ಲಿ ‘34–18’ ಎಂದು ಬರೆದುಕೊಂಡು ಅಷ್ಟೂರಿನ ಕಡೆ ಹೊರಟ.