ಎರಡನೆಯ ಸೊಂಟದ ಕೀಲು, ಮೂರನೆಯದರ ಲೆಕ್ಕ

ಸ್ಟೆರಾಯ್ಡ್ ಸೇವನೆಯಿಂದ ತೊಡೆಮೂಳೆಯ ತಲೆಗೆ ರಕ್ತ ಸಂಚಾರ ನಿಂತು, 26ನೆಯ ವಯಸ್ಸಿನಲ್ಲೇ ಸೊಂಟದ ಕೀಲು ಬದಲಿಸಿಕೊಂಡವರು 42ಕ್ಕೆ ಮತ್ತೆ ನೋವೆಂದು ಬಂದಾಗ, ಎಕ್ಸ್‌ರೇಗಿಂತ ಮೊದಲು ನಾನು ಕೇಳುವುದು ಹಳೆಯ ಫೈಲನ್ನು. ಅದರಲ್ಲಿ ಅಂಟಿಸಿರುವ ಇಂಪ್ಲಾಂಟ್ (ಕೃತಕ ಕೀಲು) ಸ್ಟಿಕ್ಕರ್‌ನಲ್ಲಿ ಕಂಪನಿ, ಮಾದರಿ, ಅಳತೆ, ಲಾಟ್ ಸಂಖ್ಯೆ ಇರುತ್ತವೆ. ಆ ಎರಡಂಗುಲದ ಕಾಗದ ಸಿಕ್ಕರೆ, ಮೂಳೆಗೆ ಗಟ್ಟಿಯಾಗಿ ಬೆಸೆದುಕೊಂಡಿರುವ ಕಪ್ಪನ್ನು, ಅಂದರೆ ಕೃತಕ ಕೀಲಿನ ಬಟ್ಟಲನ್ನು, ಹಾಗೆಯೇ ಬಿಟ್ಟು, ಅದರ ಒಳಪದರವಾದ ಸವೆದ ಲೈನರನ್ನೂ ಅದರಲ್ಲಿ ತಿರುಗುವ ಗುಂಡನ್ನೂ ಮಾತ್ರ ಬದಲಿಸುವ ದಾರಿ ತೆರೆಯಬಹುದು. ಸಿಗದಿದ್ದರೆ ಚೆನ್ನಾಗಿರುವ ಕಪ್ಪನ್ನೇ ಕೀಳಬೇಕಾದ ಪ್ರಸಂಗವೂ ಬರುತ್ತದೆ, ಕೀಳುವಾಗ ಒಂದಿಷ್ಟು ಮೂಳೆಯೂ ಜೊತೆಗೆ ಹೋಗುತ್ತದೆ. ಸೋಂಕಿಲ್ಲವೆಂದು ರಕ್ತ ಹಾಗೂ ಕೀಲಿನ ದ್ರವದ ಪರೀಕ್ಷೆಯಿಂದ ಖಚಿತವಾಗುವ ತನಕ ಈ ಯಾವ ಆಯ್ಕೆಯ ಮಾತೂ ಇಲ್ಲ.

75ರ ಅಜ್ಜಿಗಾದರೆ ಬೇಗ ಎದ್ದು ನಡೆಯುವಂತೆ ಮಾಡುವ ಇಂಪ್ಲಾಂಟೇ ಸರಿ. 42ರವರಿಗೆ ಮೂರನೆಯ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದಾದ್ದರಿಂದ, ಅಂದಿಗೆ ಎಷ್ಟು ಮೂಳೆ ಉಳಿದಿರುತ್ತದೆ ಎಂಬುದೇ ನನ್ನ ಮೊದಲ ಲೆಕ್ಕ. ಹಳೆಯ ಲೈನರಿನ ಪಾಲಿಎಥಿಲೀನ್ ಪ್ಲಾಸ್ಟಿಕ್ ಸವೆದ ಪುಡಿಗೆ ದೇಹ ತೋರುವ ಪ್ರತಿಕ್ರಿಯೆಯಿಂದ ಬಟ್ಟಲಿನ ಹಿಂದಿನ ಮೂಳೆ ಕರಗಿ ಗುಂಡಿ ಬಿದ್ದಿರುತ್ತದೆ. ಅದನ್ನು ರಂಧ್ರಮಯ ಟೈಟಾನಿಯಂ ಅಥವಾ ಟ್ಯಾಂಟಲಮ್ ಲೋಹದ ತುಂಡಿನಿಂದ ತುಂಬಿ, ಮೇಲೆ ಸ್ಕ್ರೂ ಹಾಕಿದ ಕಪ್ ಕೂರಿಸುವುದು ಸುಲಭ. ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ಬೆಳೆದ ಇನ್ನೊಂದು ವಿಧಾನದಲ್ಲಿ, ಮೂಳೆ ಬ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟ ದಾನದ ಮೂಳೆಯನ್ನು ಕಡಲೆಕಾಳಿನಷ್ಟು ಚೂರುಗಳಾಗಿಸಿ, ಗುಂಡಿಯಲ್ಲಿ ತುಂಬಿ ಬಡಿದು ಗಟ್ಟಿಮಾಡಿ, ಮೇಲೆ ಮೂಳೆಯ ಸಿಮೆಂಟಿನಿಂದ ಬಟ್ಟಲನ್ನು ಕೂರಿಸುತ್ತಾರೆ. ಇದು ನಿಧಾನ, ವಾರಗಟ್ಟಲೆ ಊರುಗೋಲು ಬೇಕು. ಆದರೂ ಗುಂಡಿಯ ಸುತ್ತ ಗೋಡೆ ಉಳಿದಿರುವ ಕಿರಿಯರಲ್ಲಿ, ಹೋದ ಮೂಳೆ ಮರಳಿ ಬರಬಹುದೆಂಬ ಕಾರಣಕ್ಕೆ ನನ್ನ ಒಲವು ಇದರ ಕಡೆಗೆ.

ತೊಡೆಮೂಳೆಯೊಳಗಿನ ಸ್ಟೆಮ್, ಅಂದರೆ ಗುಂಡನ್ನು ಹೊತ್ತ ಲೋಹದ ಕಾಂಡ, ಅಲುಗದಿದ್ದರೆ ಅದನ್ನು ಮುಟ್ಟುವುದಿಲ್ಲ. ಸಡಿಲವಾಗಿದ್ದರೆ, ಉದ್ದುದ್ದ ಏಣುಗಳಿರುವ ಟೈಟಾನಿಯಂ ಸ್ಟೆಮ್ಮನ್ನು ಬಡಿದು ಕೂರಿಸುತ್ತೇವೆ; ಸುತ್ತಿಗೆಯ ಸದ್ದು ಬದಲಾದಾಗ ಅದು ಕಚ್ಚಿಕೊಂಡಿತೆಂದು ಕಿವಿಗೇ ತಿಳಿಯುತ್ತದೆ.

ಉಜ್ಜುವ ಮೇಲ್ಮೈಗೆ ಸೆರಾಮಿಕ್ ಗುಂಡು, ಹೊಸ ತಲೆಮಾರಿನ ಗಟ್ಟಿ ಪಾಲಿಎಥಿಲೀನ್ ಲೈನರ್ ಸಾಕು. ಕಿರಿಯರಿಗೆಂದೇ ಹೊಗಳಿಸಿಕೊಂಡಿದ್ದ ಲೋಹದ ಮೇಲೆ ಲೋಹದ ಜೋಡಿಯಲ್ಲಿ, ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಸ್ಟೆಮ್ ಹಳೆಯದೇ ಆಗಿದ್ದರೆ, ಅದರ ಗೀಚು ಬಿದ್ದ ತುದಿಯ ಮೇಲೆ ಸೆರಾಮಿಕ್ ಗುಂಡನ್ನು ನೇರವಾಗಿ ಕೂರಿಸದೆ, ಒಳಗೆ ಟೈಟಾನಿಯಂ ಕವಚವಿರುವ ಗುಂಡನ್ನೇ ತರಿಸಬೇಕು. ಹಿಂದಿನ ಸೆರಾಮಿಕ್ ಒಡೆದಿದ್ದವರಿಗಂತೂ ಲೋಹದ ಗುಂಡು ಸಲ್ಲದು. ಎಷ್ಟು ತೊಳೆದರೂ ಉಳಿಯುವ ಹರಳಿನಂಥ ಚೂರುಗಳು ಅದನ್ನು ಉಪ್ಪುಕಾಗದದಂತೆ ಉಜ್ಜಿ ಸವೆಸಿಬಿಡುತ್ತವೆ.