ಪದ ಪರಿಚಯ: ವಿಕಿ ಪುಟ ವಿನ್ಯಾಸ

ವಿಕಿ ಎಂದರೆ ಓದುವವರೇ ತಿದ್ದಬಹುದಾದ ಜಾಲತಾಣ. ಅದರಲ್ಲಿ ಬರಹದ ಯಾವ ಭಾಗ ಏನು ಎಂದು ಗುರುತು ಹಾಕಿ ತಿಳಿಸುವುದೇ ವಿಕಿ ಪುಟ ವಿನ್ಯಾಸ. ಇದು ತಲೆಬರಹ, ಇದು ಪಟ್ಟಿ, ಇದು ಚಿತ್ರದ ಅಡಿಬರಹ, ಇದು ಬೇರೆ ಪುಟಕ್ಕೆ ಹೋಗುವ ಕೊಂಡಿ. ಇಷ್ಟನ್ನು ನಾವು ಹೇಳಿದರೆ ಸಾಕು. ಅಕ್ಷರ ಎಷ್ಟು ದೊಡ್ಡದಿರಬೇಕು, ಎಲ್ಲಿ ಎಷ್ಟು ಜಾಗ ಬಿಡಬೇಕು ಎನ್ನುವುದನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಶಿರಸಿಯ ಅಡಿಕೆ ಪೇಟೆಯಲ್ಲಿ ಚೀಲದೊಳಗೆ ಇರುವುದು ರಾಶಿಯೋ ಚಾಲಿಯೋ ಬೆಟ್ಟೆಯೋ ಎಂದು ಗೊತ್ತಾದರೆ ತಾನೇ ದರ ಹೇಳಲು ಬರುವುದು? ಚೀಲಕ್ಕೆ ಚಂದದ ಬಣ್ಣ ಬಳಿದು ಏನೂ ಆಗುವುದಿಲ್ಲ.

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದಾಗಲೇ ಈ ಯೋಚನೆ ಇತ್ತು. ಎಚ್‌ಟಿಎಂಎಲ್ ಎಂಬ ಜಾಲಪುಟದ ಗುರುತು ಭಾಷೆ ಬಾರದವರೂ ಪುಟ ತಿದ್ದಬೇಕು, ಅದಕ್ಕೆ ಕೀಲಿಮಣೆಯಲ್ಲಿ ಇರುವ ಸಾದಾ ಚಿಹ್ನೆಗಳೇ ಸಾಕಾಗಬೇಕು. ವಿಕಿಪೀಡಿಯ 2001ರಲ್ಲಿ, ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದವು. ಇವು ಈಗ ನಡೆಯುವುದು ಮೀಡಿಯಾವಿಕಿ ಎನ್ನುವ ತಂತ್ರಾಂಶದ ಮೇಲೆ. 2013ರಿಂದ ಚಿಹ್ನೆ ಕಲಿಯದೆಯೂ ತಿದ್ದಬಹುದಾದ ವಿಶುವಲ್ ಎಡಿಟರ್ ಇದೆ. ಅದರಲ್ಲೂ ಒಳಗೆ ನಡೆಯುವ ಕೆಲಸ ಇದೇ.

ಉದಾಹರಣೆಗೆ ನಮ್ಮ ಕಾಳಿ ನದಿಯನ್ನೇ ತೆಗೆದುಕೊಳ್ಳೋಣ. ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಸಮುದ್ರ ಸೇರುವ ನದಿ. ಇದರ ಬಗ್ಗೆ ಬರೆಯಲು ತುಂಬಾ ಇದೆ. ಹರಿವು, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕಾಡು, ಹುಲಿ, ಅಳಿವೆ, ಸದಾಶಿವಗಡ ಕೋಟೆ, ಸೇತುವೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಸುರಿದರೆ ಯಾರೂ ಓದುವುದಿಲ್ಲ. ಭಾಗ ಮಾಡಲೇಬೇಕು.

ಭಾಗ ಮಾಡುವ ಗುರುತು ಬಹಳ ಸರಳ. ಹೀಗೆ:

== ಅಣೆಕಟ್ಟುಗಳು ==

ಎರಡೂ ಕಡೆ ಎರಡೆರಡು ಸಮ ಚಿಹ್ನೆ. ಅದರೊಳಗೆ ಉಪಭಾಗ ಬೇಕಾದರೆ ಮೂರು ಮೂರು:

=== ಸೂಪಾ ===

ಒಂದೇ ಸಮ ಚಿಹ್ನೆಯ ತಲೆಬರಹವನ್ನು ಲೇಖನದೊಳಗೆ ಬಳಸುವುದಿಲ್ಲ. ಆ ಮಟ್ಟ ಪುಟದ ಹೆಸರಿನದ್ದು. ಎರಡರಿಂದ ನೇರ ನಾಲ್ಕಕ್ಕೆ ಹಾರುವುದೂ ಸರಿಯಲ್ಲ.

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಸಮ ಚಿಹ್ನೆ ಹಾಕುವ ಕಡೆ, ಸಾಲನ್ನು ಮೂರು ಮೂರು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ದಪ್ಪ ಅಕ್ಷರ ಮಾಡಿಬಿಡುತ್ತಾರೆ. '''ಅಣೆಕಟ್ಟುಗಳು''' ಎಂದು. ಪರದೆಯ ಮೇಲೆ ಅದೂ ತಲೆಬರಹದ ಹಾಗೆ ಎದ್ದು ಕಾಣುತ್ತದೆ, ಹಾಗಾಗಿ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ದಪ್ಪ ಅಕ್ಷರದ ಸಾಲು ತಂತ್ರಾಂಶಕ್ಕೆ ತಲೆಬರಹವಾಗಿ ತಿಳಿಯುವುದಿಲ್ಲ. ಪರಿವಿಡಿ ತಾನಾಗಿ ತಯಾರಾಗುವುದು ತಲೆಬರಹಗಳಿಂದ, ಅಲ್ಲಿ ಈ ಸಾಲು ಬರುವುದಿಲ್ಲ. ಮೊಬೈಲ್ ಪುಟದಲ್ಲಿ ಭಾಗಗಳನ್ನು ಮಡಚಿ ಬಿಚ್ಚುವ ಸೌಲಭ್ಯ ಇದೆಯಲ್ಲ, ಅದೂ ಸಿಗುವುದಿಲ್ಲ. ಬೇರೆ ಪುಟದಿಂದ [[ಕಾಳಿ ನದಿ#ಅಣೆಕಟ್ಟುಗಳು]] ಎಂದು ನೇರ ಆ ಭಾಗಕ್ಕೇ ಕೊಂಡಿ ಕೊಟ್ಟರೆ ಓದುಗ ಪುಟದ ಮೇಲ್ತುದಿಯಲ್ಲೇ ನಿಂತುಬಿಡುತ್ತಾನೆ.

ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದ ಸಹಾಯದಿಂದ ಪುಟ ಕೇಳುತ್ತಾರೆ. ಅವರು ಒಂದು ತಲೆಬರಹದಿಂದ ಇನ್ನೊಂದಕ್ಕೆ ಜಿಗಿಯುತ್ತ ತಮಗೆ ಬೇಕಾದ ಭಾಗ ಹುಡುಕಿಕೊಳ್ಳುತ್ತಾರೆ. ನಾವು ಬರೀ ದಪ್ಪ ಅಕ್ಷರ ಹಾಕಿದರೆ ಅವರಿಗೆ ಜಿಗಿಯಲು ಮೆಟ್ಟಿಲೇ ಇರುವುದಿಲ್ಲ. ಇಡೀ ಪುಟ ಮೊದಲಿನಿಂದ ಕೇಳಬೇಕು. ನನ್ನ ಮಟ್ಟಿಗೆ ವಿನ್ಯಾಸದ ಬೇರೆಲ್ಲ ನಿಯಮಕ್ಕಿಂತ ಇದು ದೊಡ್ಡದು.

ದಪ್ಪ ಅಕ್ಷರಕ್ಕೂ ಒಂದು ಜಾಗ ಇದೆ. ಪುಟದ ಮೊದಲ ವಾಕ್ಯದಲ್ಲಿ ವಿಷಯದ ಹೆಸರು ಬರುವಲ್ಲಿ. '''ಕಾಳಿ ನದಿ''' ಉತ್ತರ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ಕಾರವಾರದ ಹತ್ತಿರ ಅರಬ್ಬೀ ಸಮುದ್ರ ಸೇರುವ ನದಿ. ಈ ಮೊದಲ ಭಾಗಕ್ಕೆ ತಲೆಬರಹ ಬೇಡ. ಯಾವುದು, ಎಲ್ಲಿದೆ, ಯಾಕೆ ಮುಖ್ಯ ಎನ್ನುವುದು ಇಲ್ಲೇ ಸಿಗಬೇಕು. ಎಷ್ಟೋ ಜನ ಇಷ್ಟೇ ಓದಿ ಹೋಗುತ್ತಾರೆ. 'ರಮಣೀಯ', 'ನಯನಮನೋಹರ' ಎಂದು ಶುರುಮಾಡಿದರೆ ಅವರಿಗೆ ಏನೂ ಸಿಕ್ಕಂತಾಗುವುದಿಲ್ಲ.

ಮೊದಲ ಭಾಗದಲ್ಲಿ ತೂಕ ತಪ್ಪಬಾರದು. 2024ರ ಆಗಸ್ಟ್ 7ರಂದು ಕಾಳಿಯ ಹಳೆ ಸೇತುವೆ ಕುಸಿದದ್ದು ನಮಗೆಲ್ಲ ದೊಡ್ಡ ಸುದ್ದಿ. ಅದನ್ನು ಪುಟದ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಹಾಕಬೇಕು ಅನಿಸುತ್ತದೆ. ಅದರ ಜಾಗ 'ಸೇತುವೆಗಳು' ಎಂಬ ಭಾಗ. ಹಾಗೆಯೇ ಕೈಗಾ ಅಣುವಿದ್ಯುತ್ ಸ್ಥಾವರ ಇರುವುದು ಇದೇ ನದಿಯ ದಡದಲ್ಲಿ. ಅದರ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಹೆಮ್ಮೆಯ ವಿಷಯವೇ. ಆದರೆ ನದಿಯ ಪುಟದಲ್ಲಿ ಒಂದು ಸಾಲು ಮತ್ತು ಕೊಂಡಿ ಸಾಕು, ಉಳಿದದ್ದು ಕೈಗಾದ ಪುಟಕ್ಕೆ ಸೇರಿದ್ದು.

ಕೊಂಡಿಯ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಒಂದು ತೊಡಕಿದೆ. ನಮ್ಮ ಹೆಸರುಗಳು ವಿಭಕ್ತಿ ಸೇರಿದಾಗ ರೂಪ ಬದಲಿಸುತ್ತವೆ. ಬೆಂಗಳೂರು ಹೋಗಿ ಬೆಂಗಳೂರಿನಲ್ಲಿ ಆಗುತ್ತದೆ, ಕಾಡು ಹೋಗಿ ಕಾಡಿನ ಆಗುತ್ತದೆ. [[ಬೆಂಗಳೂರಿನಲ್ಲಿ]] ಎಂದು ಬರೆದರೆ ಆ ಹೆಸರಿನ ಪುಟ ಇಲ್ಲವಾದ್ದರಿಂದ ಕೊಂಡಿ ಕೆಂಪಾಗಿ ಕಾಣುತ್ತದೆ. ನಡುವೆ ನೆಟ್ಟನೆ ಗೆರೆ ಹಾಕಿದರೆ ಸರಿಹೋಗುತ್ತದೆ: [[ಬೆಂಗಳೂರು|ಬೆಂಗಳೂರಿನಲ್ಲಿ]]. ಎಡಕ್ಕೆ ಪುಟದ ನಿಜ ಹೆಸರು, ಬಲಕ್ಕೆ ಓದುಗನಿಗೆ ಕಾಣುವ ರೂಪ. ಈ ಗೆರೆ ಇನ್ನೊಂದು ಕಡೆಯೂ ಬೇಕು. ಬರೀ [[ಕಾಳಿ]] ಎಂದರೆ ದೇವಿಯ ಪುಟಕ್ಕೆ ಹೋಗಿಬಿಡಬಹುದು, [[ಕಾಳಿ ನದಿ|ಕಾಳಿ]] ಎಂದರೆ ನದಿಗೇ ಹೋಗುತ್ತದೆ. ಒಂದೇ ಹೆಸರಿಗೆ ಪದೇ ಪದೇ ಕೊಂಡಿ ಕೊಡುವುದು ಬೇಡ. ಮೊದಲ ಸಲ ಬಂದಾಗ ಕೊಟ್ಟರಾಯಿತು. ನಿಜವಾಗಿಯೂ ಬರೆಯಬೇಕಾದ ಪುಟಕ್ಕೆ ಕೆಂಪು ಕೊಂಡಿ ಬಿಟ್ಟರೆ ತಪ್ಪೇನಿಲ್ಲ. ಯಾರಾದರೂ ಅದನ್ನು ನೋಡಿ ಬರೆಯಬಹುದು.

ಶಾಲೆಯಲ್ಲಿ ಕಲಿತ ಒಂದು ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ. ಪ್ರತಿ ಪ್ಯಾರಾದ ಮೊದಲ ಸಾಲನ್ನು ಸ್ವಲ್ಪ ಒಳಕ್ಕೆ ತಳ್ಳುತ್ತೇವೆ ಅಲ್ವಾ? ವಿಕಿಯಲ್ಲಿ ಸಾಲಿನ ಶುರುವಿಗೆ ಒಂದು ಸ್ಪೇಸ್ ಇದ್ದರೂ ಸಾಕು, ಆ ಸಾಲು ಒಂದು ಚೌಕದೊಳಗೆ ಹೋಗಿ, ಅಕ್ಷರವೇ ಬೇರೆಯಾಗಿ, ಮಡಚದೆ ಉದ್ದಕ್ಕೆ ಓಡುತ್ತದೆ. ಏನು ಕೆಟ್ಟಿತು ಎಂದು ತಿಳಿಯದೆ ಹಲವರು ಗಾಬರಿಯಾಗುತ್ತಾರೆ. ಆ ಸ್ಪೇಸ್ ಅಳಿಸಿದರೆ ಮುಗಿಯಿತು. ಹೊಸ ಪ್ಯಾರಾ ಬೇಕಾದರೆ ನಡುವೆ ಒಂದು ಖಾಲಿ ಸಾಲು ಬಿಡಬೇಕು.

ಪಟ್ಟಿಯಲ್ಲಿ ಇದರ ಉಲ್ಟಾ. ಸಾಲಿನ ಶುರುವಿಗೆ ನಕ್ಷತ್ರ (*) ಹಾಕಿದರೆ ಚುಕ್ಕೆ, # ಹಾಕಿದರೆ ಸಂಖ್ಯೆ ಬರುತ್ತದೆ. ನಡುವೆ ಖಾಲಿ ಸಾಲು ಬಿಟ್ಟರೆ ಪಟ್ಟಿ ತುಂಡಾಗಿ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ. ಕೋಷ್ಟಕ ಬೇಕಾಗುವುದು ಸಾಲು, ಕಂಬ ಎರಡೂ ಇರುವ ಮಾಹಿತಿಗೆ. ಅಣೆಕಟ್ಟಿನ ಹೆಸರು, ತಾಲೂಕು, ಎತ್ತರ, ವರ್ಷ ಹೀಗೆ. ಸುಮ್ನೆ ಚಿತ್ರಗಳನ್ನು ಜೋಡಿಸಲು ಕೋಷ್ಟಕ ಮಾಡಿದರೆ ಮೊಬೈಲಿನಲ್ಲಿ ಅರ್ಧ ಪುಟ ಪರದೆಯ ಹೊರಗೆ ಹೋಗುತ್ತದೆ.

ಚಿತ್ರವನ್ನು ಅದರ ಭಾಗದ ತಲೆಬರಹದ ಕೆಳಗೆ ಇಡಬೇಕು. ಮೇಲೆ ಇಟ್ಟರೆ ಮೊಬೈಲಿನಲ್ಲಿ ಅದು ಹಿಂದಿನ ಭಾಗಕ್ಕೆ ಸೇರಿ ಮಡಚಿಕೊಳ್ಳುತ್ತದೆ. ಅಳತೆಯನ್ನು ಪಿಕ್ಸೆಲ್ಲಿನಲ್ಲಿ ಗಟ್ಟಿ ಮಾಡುವುದಕ್ಕಿಂತ ಥಂಬ್ (thumb, ಅಂದರೆ ಕಿರುಚಿತ್ರ) ಎಂದು ಬಿಡುವುದು ಒಳ್ಳೆಯದು. ಆಗ ಓದುಗ ತನ್ನ ಆಯ್ಕೆಯಲ್ಲಿ ಇಟ್ಟುಕೊಂಡ ಅಳತೆಗೆ ಚಿತ್ರ ಬರುತ್ತದೆ. ಅಡಿಬರಹಕ್ಕೆ ಸ್ವಲ್ಪ ಶ್ರಮ ಹಾಕಬೇಕು. ಸದಾಶಿವಗಡದ ಮೇಲಿಂದ ತೆಗೆದ ಫೋಟೋದಲ್ಲಿ ಹಳೆಯದು, ಹೊಸದು ಎರಡೂ ಸೇತುವೆ ಪೂರ್ತಿ ಕಾಣುತ್ತಿದ್ದರೆ ಅದು 2024ರ ಆಗಸ್ಟಿಗಿಂತ ಮೊದಲಿನದು. 'ಕಾಳಿ ಸೇತುವೆ' ಎಂದಷ್ಟೇ ಬರೆದರೆ ಹೊರಗಿನವರಿಗೆ ಅದು ಇಂದಿನ ನೋಟ ಎಂದೇ ಅನಿಸುತ್ತದೆ. ಎಲ್ಲಿಂದ, ಯಾವ ವರ್ಷ ಎನ್ನುವುದು ಅಡಿಬರಹದಲ್ಲೇ ಇರಲಿ. ಜೋಯಿಡಾ ಕಡೆ ನೆಟ್‌ವರ್ಕ್ ಕೈಕೊಟ್ಟಾಗ ಚಿತ್ರ ಬರುವ ಮೊದಲು ಅಕ್ಷರಗಳೇ ಬಂದಿರುತ್ತವೆ. ಒಳ್ಳೆಯ ಅಡಿಬರಹ ಅಲ್ಲೂ ಕೆಲಸ ಮಾಡುತ್ತದೆ.

ಪುಟದ ಕೊನೆಗೆ 'ಇವನ್ನೂ ನೋಡಿ', ಅದರ ಕೆಳಗೆ 'ಉಲ್ಲೇಖಗಳು', ಆಮೇಲೆ 'ಬಾಹ್ಯ ಕೊಂಡಿಗಳು' ಬರುವುದು ರೂಢಿ. ತೀರಾ ಕೆಳಗೆ [[ವರ್ಗ:ಕರ್ನಾಟಕದ ನದಿಗಳು]] ಎನ್ನುವಂಥ, ಒಂದೇ ಬಗೆಯ ಪುಟಗಳನ್ನು ಒಟ್ಟಿಗೆ ಸೇರಿಸುವ ವರ್ಗದ ಸಾಲು. ಪ್ರಕಟಿಸುವ ಮೊದಲು ಮುನ್ನೋಟ ನೋಡಿ. ಕಂಪ್ಯೂಟರಿನಲ್ಲಿ ಬರೆದಿದ್ದರೆ, ಪುಟದ ಬುಡದಲ್ಲಿರುವ ಮೊಬೈಲ್ ನೋಟದ ಕೊಂಡಿ ಒತ್ತಿ ಅಲ್ಲೂ ಒಮ್ಮೆ ನೋಡಿ. ಕನ್ನಡ ವಿಕಿಪೀಡಿಯದಲ್ಲಿ ಬಿಡಿಸಲಾಗದ ತೊಡಕು ಬಂದರೆ ಅಲ್ಲಿನ ಅರಳಿ ಕಟ್ಟೆ ಎನ್ನುವ ಚರ್ಚೆಯ ಪುಟದಲ್ಲಿ ಕೇಳಬಹುದು.