ಅಗ್ಗದ ಪೆಟ್ರೋಲ್ ಯಾರ ಪಾಲಾಯಿತು? ಇಂಡೋನೇಷ್ಯಾದ ಸಬ್ಸಿಡಿ ಕಥೆ

2005ರ ಅಕ್ಟೋಬರ್ 1ರಂದು ಇಂಡೋನೇಷ್ಯಾದಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 2,400 ರೂಪಿಯಾದಿಂದ 4,500ಕ್ಕೆ ಜಿಗಿಯಿತು. ಬಡವರ ಒಲೆಯ ಸೀಮೆಎಣ್ಣೆ 700ರಿಂದ 2,000ಕ್ಕೆ ಹೋಯಿತು. ಪ್ರತಿಭಟನೆಗಳಾದವು, ಆದರೆ ಸರ್ಕಾರ ಉಳಿಯಿತು.

ಏಳು ವರ್ಷ ಹಿಂದೆ ಹಾಗಿರಲಿಲ್ಲ. 1998ರ ಮೇ ತಿಂಗಳಲ್ಲಿ ಪೆಟ್ರೋಲ್ 700ರಿಂದ 1,200ಕ್ಕೆ ಏರಿದಾಗ ಸುಮಾತ್ರಾದ ಮೇದಾನ್ ನಗರ ಹೊತ್ತಿ ಉರಿಯಿತು, ಆಮೇಲೆ ಜಕಾರ್ತ. ಮೇ 21ಕ್ಕೆ ಅಧ್ಯಕ್ಷ ಸುಹಾರ್ತೊ ರಾಜೀನಾಮೆ ಕೊಟ್ಟರು. ಬೆಲೆ ಏರಿಕೆಯೊಂದೇ ಕಾರಣವಲ್ಲ. ರೂಪಿಯಾ ಕುಸಿದು, ಕೆಲಸ ಹೋಗಿ ಜನ ಮೊದಲೇ ಬೆಂದಿದ್ದರು.

2005ರಲ್ಲಿ ಏನು ಬದಲಾಗಿತ್ತು? ಬೆಲೆ ಏರಿಸಿದ ಹೊತ್ತಿಗೇ ಸರ್ಕಾರ ಬಡ ಕುಟುಂಬಗಳಿಗೆ ತಿಂಗಳಿಗೆ 1 ಲಕ್ಷ ರೂಪಿಯಾದ ಲೆಕ್ಕದಲ್ಲಿ, ಮೂರು ತಿಂಗಳ ಹಣವನ್ನು ಒಟ್ಟಿಗೆ ಅಂಚೆ ಕಚೇರಿಯಲ್ಲಿ ಕೊಡಲು ಶುರು ಮಾಡಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಗಲಾಟೆ ಮಾಡಿದರು, ಅವರ ಸಿಟ್ಟು ನ್ಯಾಯವೇ. ಆದರೂ ನನ್ನ ಮಟ್ಟಿಗೆ ಇದೇ ದೊಡ್ಡ ತಿರುವು. ಸಬ್ಸಿಡಿ ಮೊದಲ ಸಲ ಪೆಟ್ರೋಲ್ ಬಂಕ್ ಬಿಟ್ಟು ಮನೆಯ ಕಡೆ ಹೊರಟಿತು.

ಅಗ್ಗದ ಇಂಧನದ ರೂಢಿ ಬಿದ್ದದ್ದು 1970ರ ದಶಕದ ತೈಲದ ಕಾಲದಲ್ಲಿ. ಆಗ ದೇಶ ತೈಲ ಮಾರಿ ದುಡ್ಡು ಮಾಡುತ್ತಿತ್ತು. 2000ದ ದಶಕದಲ್ಲಿ ಮಾರುವುದಕ್ಕಿಂತ ಕೊಳ್ಳುವುದೇ ಜಾಸ್ತಿಯಾಯಿತು. ಆದರೂ ರೂಢಿ ಬಿಡಲಿಲ್ಲ. ಕಾರಿನ ಟ್ಯಾಂಕ್ ತುಂಬಿಸಿದವರಿಗೆ ಸಬ್ಸಿಡಿಯ ದೊಡ್ಡ ಪಾಲು. ಗಾಡಿಯೇ ಇಲ್ಲದ ಕೂಲಿಯವನಿಗೆ ಏನು ಸಿಗುತ್ತೆ ಹೇಳಿ?

2007ರಲ್ಲಿ ಸೀಮೆಎಣ್ಣೆ ಬಿಡಿಸಲು 3 ಕಿಲೋದ ಹಸಿರು ಗ್ಯಾಸ್ ಸಿಲಿಂಡರ್ ಮತ್ತು ಒಲೆಯನ್ನು ಪುಕ್ಕಟೆ ಹಂಚಿದರು. ಜನ ಅದನ್ನು 'ಮೆಲೊನ್' (ಕರಬೂಜ) ಎಂದು ಕರೆದರು. ಅಡುಗೆಮನೆಯ ಹೊಗೆ ಕಡಿಮೆಯಾಯಿತು. ಆದರೆ ಆ ಸಿಲಿಂಡರನ್ನು ಉಳ್ಳವರೂ ಕೊಂಡರು, ಮತ್ತೆ ಸಬ್ಸಿಡಿಯ ಅದೇ ಸೋರಿಕೆ.

ಜೊಕೊ ವಿಡೊಡೊ ಅಧ್ಯಕ್ಷರಾದ ಮರುತಿಂಗಳೇ, 2014ರ ನವೆಂಬರಿನಲ್ಲಿ, ಪೆಟ್ರೋಲ್ 6,500ರಿಂದ 8,500ಕ್ಕೆ ಏರಿತು. ಜಗತ್ತಿನಲ್ಲಿ ತೈಲ ಅಗ್ಗವಾಗುತ್ತಿದ್ದ ಹೊತ್ತು ಅದು. 2015ರ ಜನವರಿ 1ಕ್ಕೆ ಪೆಟ್ರೋಲ್ ಸಬ್ಸಿಡಿಯನ್ನೇ ತೆಗೆದರು. ಉಳಿದ ಹಣದಲ್ಲಿ ಒಂದಷ್ಟು ರಸ್ತೆ, ಅಣೆಕಟ್ಟುಗಳಿಗೆ ಹೋಯಿತು. ಬಜೆಟ್‌ಗೆ ಇಷ್ಟು ಒಳ್ಳೆಯ ಸಮಯ ಮತ್ತೆ ಬರಲಿಲ್ಲ. ಬೆಲೆಯ ಮೇಲಿನ ಹಿಡಿತವನ್ನು ಸರ್ಕಾರ ಪೂರ್ತಿ ಬಿಡಲೇ ಇಲ್ಲ. ಹಾಗಾಗಿ 2022ರಲ್ಲಿ ತೈಲ ದುಬಾರಿಯಾದಾಗ ಇಂಧನ, ವಿದ್ಯುತ್ತಿನ ಸಬ್ಸಿಡಿ ಮತ್ತು ಕಡಿಮೆ ಬೆಲೆಗೆ ಮಾರಿದ ಕಂಪನಿಗಳಿಗೆ ಕೊಡುವ ಪರಿಹಾರದ ಲೆಕ್ಕ 152 ಲಕ್ಷ ಕೋಟಿ ರೂಪಿಯಾದಿಂದ 502 ಲಕ್ಷ ಕೋಟಿಗೆ ಉಬ್ಬಿತು. ಸೆಪ್ಟೆಂಬರಿನಲ್ಲಿ ಪರ್ಟಲೈಟ್ ಪೆಟ್ರೋಲನ್ನು 7,650ರಿಂದ 10,000ಕ್ಕೆ ಏರಿಸಬೇಕಾಯಿತು.

ಈ ಸೋರಿಕೆ ಇಷ್ಟು ನೋವು ಕೊಡಲು ಇನ್ನೊಂದು ಕಾರಣ ತೆರಿಗೆ. ಇಂಡೋನೇಷ್ಯಾದ ತೆರಿಗೆ ಆದಾಯ ಜಿಡಿಪಿಯ ಸುಮಾರು 10% ಮಾತ್ರ. ಸಣ್ಣ ಅಂಗಡಿ, ದಿನಗೂಲಿಯ ಲೆಕ್ಕಪತ್ರವಿಲ್ಲದ ವ್ಯವಹಾರವೇ ಅಲ್ಲಿ ಜಾಸ್ತಿ. 2022ರ ಏಪ್ರಿಲ್‌ನಲ್ಲಿ ವ್ಯಾಟ್ 10%ರಿಂದ 11%ಕ್ಕೆ ಏರಿತು. 2025ರ ಜನವರಿ 1ರಿಂದ 12% ಎಂದು ಕಾನೂನೇ ಆಗಿತ್ತು. ಜನ ಬೀದಿಗಿಳಿದರು. 2024ರ ಡಿಸೆಂಬರ್ 31ರಂದು ಅಧ್ಯಕ್ಷ ಪ್ರಬೋವೊ ಸುಬಿಯಾಂತೊ, ಏರಿಕೆ ಐಷಾರಾಮಿ ವಸ್ತುಗಳಿಗೆ ಮಾತ್ರ ಎಂದು ಘೋಷಿಸಿದರು.